ಮಳೆಗಾಲದ ರಸ್ತೆಗೆ ನಾಲ್ಕು ಟೈರು

ಬ್ರಹ್ಮಾವರದಲ್ಲಿ ನಾನು ಡ್ರೈವಿಂಗ್ ಶಾಲೆ ನಡೆಸುತ್ತೇನೆ. ನನಗೆ ಲೈಸೆನ್ಸ್ ಸಿಕ್ಕಿದ್ದು ೧೯೯೭ರಲ್ಲಿ. ಆಗ ನಮ್ಮ ಕಡೆ ಕಾರು ಓಡಿಸುವ ಹೆಂಗಸರನ್ನು ಬೆರಳಲ್ಲಿ ಎಣಿಸಬಹುದಿತ್ತು. ಅಪ್ಪಯ್ಯ ಕುಂದಾಪುರ–ಬೈಂದೂರು ನಡುವೆ ಖಾಸಗಿ ಬಸ್ಸು ಓಡಿಸುತ್ತಿದ್ದವರು. ನನಗೆ ಕಲಿಸಿದವರೂ ಅವರೇ. ಕೆಲವು ವರ್ಷಗಳ ನಂತರ, ಎರಡು ಸೆಟ್ ಬ್ರೇಕು-ಕ್ಲಚ್ಚು ಇದ್ದ ಒಂದು ಹಳೆಯ ಕಾರು ಕೊಂಡು ಶಾಲೆ ಶುರು ಮಾಡಿದೆ. ಮೊದಲ ವರ್ಷ ಬಂದವರು ಬರೀ ಗಂಡಸರು, ಅವರೂ ಹತ್ತಿರದಲ್ಲಿ ಬೇರೆ ಶಾಲೆ ಇರಲಿಲ್ಲವೆಂದು ಬಂದವರು. ಆಮೇಲೆ ಟೀಚರುಗಳು ಬಂದರು, ನರ್ಸುಗಳು ಬಂದರು, ಗಂಡ ಗಲ್ಫಿನಲ್ಲಿದ್ದು ಮನೆಯ ಕಾರು ಅಂಗಳದಲ್ಲಿ ಸುಮ್ಮನೆ ನಿಂತಿದೆ ಎಂದು ಬೇಜಾರಾದವರು ಬಂದರು.

ನನ್ನ ತಮ್ಮ ಪಿಯುಸಿ ಮುಗಿಸಿ ಮುಂಬಯಿಗೆ ಹೋದವನು. ಮೊದಲು ಬೇರೆಯವರ ಹೋಟೆಲಿನ ಕೌಂಟರಿನಲ್ಲಿ ಕೂತ, ಈಗ ಅವನದ್ದೇ ಎರಡು ಹೋಟೆಲುಗಳಿವೆ. ಚಿಕ್ಕಂದಿನಿಂದ ಅವನಿಗೆ ಕಾರಿನ ಹುಚ್ಚು. ನಲವತ್ತು ದಾಟಿದ ವರ್ಷ ಕೊನೆಗೂ ಒಂದು ಸ್ಪೋರ್ಟ್ಸ್ ಕಾರು ಕೊಂಡ. ಹೊರದೇಶದ್ದು, ಒಬ್ಬರು ಓಡಿಸಿ ಬಿಟ್ಟದ್ದು, ಕಡು ನೀಲಿ ಬಣ್ಣ, ಎರಡೇ ಸೀಟು. ಮೇಲಿನ ಬಟ್ಟೆಯ ಹೊದಿಕೆಯನ್ನು ಹಿಂದಕ್ಕೆ ಮಡಚಿಟ್ಟರೆ ತಲೆಯ ಮೇಲೆ ಆಕಾಶ. ಮುಂಬಯಿಯ ಟ್ರಾಫಿಕ್ಕಿನಲ್ಲಿ ಅದನ್ನು ಎರಡನೇ ಗೇರಿನಿಂದ ಮೇಲೆ ಹಾಕುವುದಕ್ಕೇ ಆಗಲಿಲ್ಲ. ಆರು ತಿಂಗಳು ನೋಡಿ, ಲಾರಿಯ ಮೇಲೆ ಹೇರಿಸಿ ಊರಿಗೆ ಕಳಿಸಿದ.

“ವಾರಕ್ಕೊಂದ್ ದಿನ ಓಡ್ಸ್ ಅಕ್ಕ. ಸುಮ್ನೆ ನಿಂತ್ರೆ ಹಾಳಾತ್ತ್,” ಎಂದ ಫೋನಿನಲ್ಲಿ.

ವಾರವಿಡೀ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಕಾಲು ಬ್ರೇಕಿನ ಮೇಲಿಟ್ಟುಕೊಂಡೇ ದಿನ ಕಳೆಯುವವಳು ನಾನು. ಭಾನುವಾರ ಬೆಳಿಗ್ಗೆ ಆ ಕಾರಿನ ಸ್ಟೇರಿಂಗ್ ಹಿಂದೆ ಕೂತರೆ ನನಗೇ ನನ್ನ ಗುರುತು ಸಿಗುತ್ತಿರಲಿಲ್ಲ. ಪಕ್ಕದ ಸೀಟು ಅಮ್ಮನದು, ನಾವು ಅಬ್ಬೆ ಎನ್ನುತ್ತೇವೆ. ಎಪ್ಪತ್ತು ದಾಟಿದ ಅಬ್ಬೆ ತಲೆಗೆ ಶಾಲು ಬಿಗಿದು, ಕೈಚೀಲ ಮಡಿಲಲ್ಲಿಟ್ಟುಕೊಂಡು, ನನಗಿಂತ ಮೊದಲೇ ಕಾರಿನಲ್ಲಿ ಕೂತಿರುತ್ತಿದ್ದಳು. ಸಾಲಿಗ್ರಾಮ, ಕುಂದಾಪುರ ದಾಟಿ ಬೈಂದೂರಿನವರೆಗೆ ಹೋಗುವುದು, ಅಲ್ಲಿ ಚಾ ಕುಡಿದು ವಾಪಸು ಬರುವುದು. ದಾರಿಯಲ್ಲಿ ಗುರುತಿನವರು ಕಂಡರೆ ಅಬ್ಬೆ ಕೈಯೆತ್ತದೆ ಬಿಡುತ್ತಿರಲಿಲ್ಲ.

ಒಂದು ಜೂನ್ ತಿಂಗಳ ಮೊದಲ ಮಳೆ. ಜೋರೇನಲ್ಲ, ರಸ್ತೆ ಬರೀ ಒದ್ದೆಯಾಗುವಷ್ಟು. ಬೈಂದೂರಿಗೆ ಹೋಗುತ್ತಾ, ಕಡಲ ಬದಿಯ ತ್ರಾಸಿಯ ಹತ್ತಿರ ಗಾಳಿಗೆ ಹಾರಿ ಬಂದ ಮರಳು ಟಾರಿನ ಮೇಲೆ ತೆಳ್ಳಗೆ ಹರಡಿತ್ತು. ಮುಂದೆ ಬಸ್ಸು ಜನ ಇಳಿಸಲು ನಿಂತಿತು. ನಾನು ವೇಗದಲ್ಲೇನೂ ಇರಲಿಲ್ಲ, ಬ್ರೇಕನ್ನೂ ಮೆತ್ತಗೇ ಒತ್ತಿದೆ. ಆದರೂ ಕಾರಿನ ಹಿಂಭಾಗ ಯಾರೋ ಹಿಡಿದು ಎಳೆದ ಹಾಗೆ ಬಲಕ್ಕೆ ಜಾರಿತು. ಸ್ಟೇರಿಂಗನ್ನು ಜಾರಿದ ಕಡೆಗೇ ತಿರುಗಿಸಿದೆ, ಬ್ರೇಕು ಬಿಟ್ಟೆ, ಗೊತ್ತಿದ್ದದ್ದನ್ನೆಲ್ಲ ಮಾಡಿದೆ. ಕಾರು ಅರ್ಧ ಸುತ್ತು ತಿರುಗಿ, ರಸ್ತೆ ಪಕ್ಕದ ಮರಳಿನಲ್ಲಿ ಬಂದ ದಾರಿಗೇ, ಕುಂದಾಪುರದ ಕಡೆ ಮುಖ ಮಾಡಿ ನಿಂತಿತು. ಎದುರಿನಿಂದ ಯಾವ ವಾಹನವೂ ಬರುತ್ತಿರಲಿಲ್ಲ ಎನ್ನುವುದು ನಮ್ಮ ಪುಣ್ಯ.

ಅಬ್ಬೆ ಶಾಲು ಸರಿಮಾಡಿಕೊಂಡು ಸುತ್ತ ನೋಡಿದಳು.

“ಎಂತ ಹೆಣೆ, ವಾಪಾಸ್ ಹೋಪ್ದಾ?”

ನಗು ಬಂತು, ಜೊತೆಗೆ ಅಳುವೂ ಬಂತು. ಕೆಳಗಿಳಿದು ಟೈರು ನೋಡಿದೆ. ಸವೆದಿರಲೇ ಇಲ್ಲ. ಗೀರುಗಳು ಹೊಸದರಷ್ಟೇ ಆಳವಾಗಿದ್ದವು. ಆದರೆ ಬೆರಳಿನ ಉಗುರು ಒತ್ತಿದರೆ ರಬ್ಬರು ಸ್ವಲ್ಪವೂ ತಗ್ಗಲಿಲ್ಲ, ಒಣಗಿದ ಚಪ್ಪಲಿಯ ಅಟ್ಟೆಯ ಹಾಗಿತ್ತು. ಬದಿಯಲ್ಲಿ ಕೂದಲೆಳೆಯಂಥ ಬಿರುಕುಗಳು. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ, ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಬಗ್ಗಿ ಓದಿದೆ. ಟೈರಿಗೆ ಎಂಟು ವರ್ಷ ತುಂಬಿತ್ತು. ಓಡಿದ್ದು ಕಡಿಮೆ, ಬಿಸಿಲಲ್ಲಿ ನಿಂತದ್ದೇ ಹೆಚ್ಚು. ನನ್ನ ಶಾಲೆಯಲ್ಲಿ ಪ್ರತಿಯೊಬ್ಬರಿಗೂ ಈ ನಾಲ್ಕು ಅಂಕಿ ಓದುವುದನ್ನು ನಾನೇ ಹೇಳಿಕೊಡುತ್ತೇನೆ. ಕಾರು ಬಂದು ವರ್ಷವಾಗಿದ್ದರೂ ಇದರದ್ದನ್ನು ಓದಿರಲಿಲ್ಲ. ಬಣ್ಣ ನೋಡಿದ್ದೆ, ಸದ್ದು ಕೇಳಿದ್ದೆ, ಅಷ್ಟೆ. ಆ ದಿನ ನಾಚಿಕೆಯಾದದ್ದು ನಿಜ.

ಮನೆಗೆ ಮೆಲ್ಲಗೆ ಬಂದು ತಮ್ಮನಿಗೆ ಫೋನು ಮಾಡಿದೆ. ಅವನು ಮೊದಲು ನಮ್ಮಿಬ್ಬರ ಮೈಗೇನಾದರೂ ಆಯಿತಾ ಎಂದು ಕೇಳಿದ. ಆಮೇಲೆ, “ನಂಗೊಬ್ಬ ದೋಸ್ತ ಇದ್ದ. ರೇಸಿಗೆ ಹೋತ. ಅವ್ನ್ ಹತ್ರ ಕೇಂಡ್ ಟೈರ್ ಇಲ್ಲಿಂದ್ಲೇ ಕಳ್ಸ್ತೆ,” ಎಂದ.

“ನಿನ್ನ ದೋಸ್ತ ತ್ರಾಸಿ ರಸ್ತೆ ಕಂಡಿದ್ನಾ?”

“ಇಲ್ಲ.”

“ಹಂಗಾರೆ ಬ್ಯಾಡ. ಓಡ್ಸುದ್ ನಾನ್. ಟೈರ್ ನಾನೇ ಆರಿಸ್ತೆ.”

ಹೇಳುವಾಗ ಧೈರ್ಯವಾಗಿ ಹೇಳಿಬಿಟ್ಟೆ. ಇಂಥ ಕಾರಿನ ಟೈರಿನ ಬಗ್ಗೆ ಮಾತ್ರ ನನಗೆ ಹೆಚ್ಚೇನೂ ಗೊತ್ತಿರಲಿಲ್ಲ. ಎರಡು ವಾರ ಅದೇ ಕೆಲಸ. ಕ್ಲಾಸು ಮುಗಿದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಬೇರೆ ಬೇರೆ ದೇಶದವರು ಬರೆದದ್ದನ್ನು ಓದುವುದು, ಒಂದು ನೋಟುಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವುದು, ಉಡುಪಿ-ಮಂಗಳೂರಿನ ಅಂಗಡಿಗಳಿಗೆ ಫೋನು ಮಾಡುವುದು. ಓದಿದಷ್ಟೂ ತಲೆ ಕೆಟ್ಟಿತು. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ತೆಗಳುತ್ತಿದ್ದ. ಕೊನೆಗೆ ಪುಸ್ತಕದ ಹೊಸ ಹಾಳೆಯಲ್ಲಿ ಟೈರಿನ ವಿಷಯ ಬಿಟ್ಟು ನಮ್ಮ ರಸ್ತೆಯ ವಿಷಯ ಬರೆದೆ. ವರ್ಷದಲ್ಲಿ ನಾಲ್ಕೈದು ತಿಂಗಳು ಮಳೆ. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿರುವುದರಿಂದ ಎಲ್ಲೆಂದರಲ್ಲಿ ಜಲ್ಲಿ, ಹೊಂಡ. ಸಮುದ್ರದ ಬದಿಯಲ್ಲಿ ಮರಳು. ಅಮಾಸೆಬೈಲಿನ ಕಡೆ ಹೋದರೆ ತಿರುವಿನ ಮೇಲೆ ತಿರುವು, ಮರದ ನೆರಳಲ್ಲಿ ಒಣಗದ ಟಾರು. ಗಂಟೆಗೆ ಎಂಬತ್ತರ ಮೇಲೆ ಓಡಿಸುವ ಜಾಗವೇ ಕಡಿಮೆ, ಒಮ್ಮೆಲೇ ನಿಲ್ಲಿಸಬೇಕಾಗುವ ಜಾಗ ಬೇಕಾದಷ್ಟು. ಅಷ್ಟು ಬರೆದ ಮೇಲೆ ದಾರಿ ಸ್ಪಷ್ಟವಾಯಿತು.

ಕುಂದಾಪುರದ ಟೈರಿನ ಅಂಗಡಿಯವರು ಹೊರದೇಶದ ಕಾರಿನ ಟೈರುಗಳನ್ನೂ ತರಿಸಿಕೊಡುತ್ತಾರೆಂದು ಕೇಳಿದ್ದೆ. ಕಾರನ್ನು ಅಲ್ಲಿಗೇ ಒಯ್ದೆ. ಐವತ್ತರ ಆಸುಪಾಸಿನ ಮನುಷ್ಯ, ಮಾತಿನಲ್ಲಿ ಮರ್ಯಾದೆಯಿತ್ತು. ಹೊರಗೆ ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿ ನನ್ನನ್ನು ನೋಡಿದರು.

“ಯಜಮಾನ್ರ್ ಬರ್ಲಿಲ್ಯಾ?”

“ಕಾರ್ ತಮ್ಮನ್ದ್. ಓಡ್ಸುದ್ ನಾನ್. ಹೇಳಿ.”

ಅವರು ಹೇಳಿದ್ದು ಮೂರು ಬಗೆ. ಮೊದಲನೆಯದು ರೇಸಿನ ಟೈರಿನ ಜಾತಿಯದ್ದು, ಮೈಯೆಲ್ಲ ನುಣ್ಣಗೆ, ಗೀರು ಕಡಿಮೆ; ಒಣ ರಸ್ತೆಯಲ್ಲಿ ಅಂಟು ಹಾಕಿದ ಹಾಗೆ ಹಿಡಿಯುತ್ತದೆ. ಎರಡನೆಯದಕ್ಕೆ ರಿಮ್ಮನ್ನೂ ಬದಲಿಸಬೇಕು. ಅಗಲ ಹೆಚ್ಚು, ಪಕ್ಕೆ ತೆಳು, ನೋಡಲು ಬಹಳ ಚಂದ. ಮೂರನೆಯದು ಕಾರಿನ ಕಂಪೆನಿ ಹೇಳಿದ ಅಳತೆಯದ್ದೇ, ಸ್ಪೋರ್ಟ್ಸ್ ಕಾರಿಗೆಂದೇ ಮಾಡಿದ ಮೆತ್ತನೆಯ ರಬ್ಬರು, ನಡುವೆ ನೀರು ಹರಿದುಹೋಗಲು ಅಗಲವಾದ ನಾಲ್ಕು ಕಾಲುವೆ. ಅದನ್ನು ಅವರು ಕೊನೆಗೆ, ಬೇಡವೆನ್ನುವ ಹಾಗೆ ತೋರಿಸಿದರು.

“ಇದ್ ಮೂರ್ನೇದ್ ಬೇಕ್,” ಎಂದೆ.

“ಅಕ್ಕ, ಇಂಥ ಕಾರಿಗೆ ಅದ್ ಸಪ್ಪೆ ಆತ್ತ್. ಒಂದ್ ಸಲ ತಮ್ಮನ್ ಹತ್ರ ಮಾತಾಡ್ತೆ, ಬೇಜಾರ್ ಮಾಡ್ಕಣ್ಬೇಡಿ,” ಎಂದು ನಂಬರು ತೆಗೆದುಕೊಂಡು ಅಲ್ಲೇ ಫೋನು ಮಾಡಿದರು. ಆ ಕಡೆ ತಮ್ಮ, ಈ ಕಡೆ ಇವರು, ಇಬ್ಬರಿಗೂ ಒಂದೇ ಮನಸ್ಸು. ರೇಸಿನ ಟೈರೇ ಸರಿ ಎಂದು ಎರಡು ನಿಮಿಷದಲ್ಲಿ ಒಪ್ಪಂದವಾಯಿತು. ನಾನು ಎದುರಿಗೇ ನಿಂತಿದ್ದೆ. ಕೈ ಚಾಚಿ ಫೋನು ಕೇಳಿದೆ.

“ತಮ್ಮ, ಮೂರ್ ಮಾತ್ ಕೇಂತೆ. ಈ ಕಾರ್ ರೇಸಿಗೆ ಹೋತ್ತಾ?”

“ಇಲ್ಲ ಅಕ್ಕ.”

“ಮಳೆ ಬಂದ್ರೆ ಮನೆಯಗೆ ಕೂಕಂಬುಕೆ ಅಬ್ಬೆ ಒಪ್ತಾಳಾ?”

ಅವನು ನಕ್ಕ. “ಇಲ್ಲ.”

“ಆವತ್ತ್ ನಮ್ ಕಾರ್ ತಿರ್ಗಿದ್ದ್ ಒಣ ರಸ್ತೆಯಗಾ, ಒದ್ದೆ ರಸ್ತೆಯಗಾ?”

ಹಿಂದೆ ಅವನ ಹೋಟೆಲಿನ ಪಾತ್ರೆಗಳ ಸದ್ದು ಕೇಳುತ್ತಿತ್ತು. “ಆಯ್ತ್ ಮಾರಾಯ್ತಿ. ನೀ ಹೇಳ್ದಂಗೇ ಆಯ್ಲಿ,” ಎಂದ.

ಫೋನು ವಾಪಸು ಕೊಟ್ಟೆ. ಅಂಗಡಿಯವರು ಕುರ್ಚಿ ಎಳೆದು ನನಗೆ ಕೊಟ್ಟು, ಆರ್ಡರ್ ಪುಸ್ತಕ ತೆಗೆದರು.

ವಾರದ ನಂತರ ಟೈರು ಬಂದವು. ಬೆಳಿಗ್ಗೆ ಮೊದಲ ಕ್ಲಾಸು ಬಿಟ್ಟು ಕುಂದಾಪುರಕ್ಕೆ ಹೋದೆ. ನಾಲ್ಕರ ಅಂಕಿಯನ್ನೂ ಓದಿದೆ. ಎರಡು ಆ ವರ್ಷದವು, ಉಳಿದೆರಡಕ್ಕೆ ಆಗಲೇ ಮೂರು ವರ್ಷ ತುಂಬಿತ್ತು.

“ಬಾಕ್ಸ್ ಪೀಸ್ ಅಕ್ಕ, ಓಡ್ಲೇ ಇಲ್ಲ,” ಎಂದರು ಅವರು.

“ಮೊದ್ಲಿನ್ ಟೈರೂ ಹೆಚ್ಚ್ ಓಡಿರ್ಲಿಲ್ಲ,” ಎಂದೆ. “ನಾಲ್ಕೂ ಒಂದೇ ಪ್ರಾಯದ್ ಬೇಕ್. ಕಾಯ್ತೆ, ತೊಂದ್ರೆ ಇಲ್ಲ.”

ಅವರಿಗೆ ಬೇಸರವಾಯಿತು, ಮುಖದಲ್ಲೇ ಕಾಣುತ್ತಿತ್ತು. ಆದರೂ ವಾಪಸು ಕಳಿಸಿದರು. ಇನ್ನೆರಡು ಭಾನುವಾರ ಕಾರು ಶೆಡ್ಡಿನಲ್ಲೇ ನಿಂತಿತು. ಅಬ್ಬೆ ಎರಡು ದಿನವೂ ಮೋರೆ ಗಂಟು ಹಾಕಿಕೊಂಡೇ ಇದ್ದಳು.

ಆ ಬಿಡುವಿನಲ್ಲಿ ನಾನೊಂದು ಕೆಲಸ ಮಾಡಿದೆ. ಹೆದ್ದಾರಿ ಅಗಲ ಮಾಡುವಾಗ ನಮ್ಮ ಶಾಲೆಯ ಹತ್ತಿರ ಹಳೆಯ ರಸ್ತೆಯ ಒಂದು ತುಂಡು ಪಕ್ಕಕ್ಕೆ ಉಳಿದಿತ್ತು, ವಾಹನ ಓಡುತ್ತಿರಲಿಲ್ಲ. ಅಲ್ಲಿ ನಾನು ಕಲಿಯುವವರಿಗೆ ಬ್ರೇಕು ಹಾಕಿಸುತ್ತಿದ್ದೆ. ಒಂದು ಮಳೆಯ ಬೆಳಿಗ್ಗೆ ಆ ವಾರದ ಆರು ಮಂದಿ ವಿದ್ಯಾರ್ಥಿನಿಯರನ್ನು ಕೊಡೆ ಹಿಡಿಸಿ ದೂರ ನಿಲ್ಲಿಸಿದೆ. ಹಳೆಯ ಟೈರಿನಲ್ಲೇ ನೀಲಿ ಕಾರನ್ನು ಐವತ್ತರ ವೇಗದಲ್ಲಿ ತಂದು, ಸುಣ್ಣದ ಗೆರೆ ದಾಟಿದ ಕೂಡಲೇ ಬ್ರೇಕು ಒತ್ತಿದೆ. ಗೆರೆಯಿಂದ ಕಾರು ನಿಂತಲ್ಲಿಯವರೆಗೆ ಅವರಲ್ಲೊಬ್ಬ ಟೀಚರು ಹೆಜ್ಜೆ ಹಾಕಿ ಎಣಿಸಿದರು: ಮೂವತ್ತೊಂದು.

ಹೊಸ ಟೈರುಗಳು ಬಂದಾಗ ಅಂಕಿ ಓದಿದೆ, ನಾಲ್ಕೂ ಒಂದೇ ತಿಂಗಳಲ್ಲಿ ತಯಾರಾದಂಥವು. ಅಂಗಡಿಯವರೇ ಹೊರಗೆ ನಿಂತು ಹಾಕಿಸಿದರು, ಅಲೈನ್‌ಮೆಂಟ್ ಮಾಡಿಸಿದರು, ಗಾಳಿಯನ್ನು ತಮ್ಮ ಕೈಯಾರೆ ನೋಡಿದರು. ಹೊಸ ರಬ್ಬರಿನ ಮೇಲೆ ಜಾರುವ ಪಸೆ ಇರುವುದರಿಂದ ಮೊದಲ ಇನ್ನೂರು ಕಿಲೋಮೀಟರು ನಾನು ಕಾರನ್ನು ಮಗುವಿನ ಹಾಗೆ ನಡೆಸಿದೆ. ಆಮೇಲೆ ಮತ್ತೆ ಮಳೆಯ ಬೆಳಿಗ್ಗೆ, ಅದೇ ರಸ್ತೆ, ಅದೇ ಗೆರೆ. ಬ್ರೇಕು ಒತ್ತಿದಾಗ ಕಾರು ಮೂಗು ತಗ್ಗಿಸಿ, ಹಿಡಿದು ನಿಲ್ಲಿಸಿದ ಹಾಗೆ ನಿಂತಿತು. ಅದೇ ಟೀಚರು ಎಣಿಸಿದರು. ನಿಂತು, ನಂಬಿಕೆಯಾಗದೆ, ಹಿಂದೆ ಹೋಗಿ ಇನ್ನೊಮ್ಮೆ ಎಣಿಸಿದರು.

“ಇಪ್ಪತ್ತೆರಡೇ ಮಾರಾಯ್ರೆ!”

ಕೊಡೆಗಳ ಕೆಳಗೆ ಚಪ್ಪಾಳೆ ಬಿತ್ತು. ಒಂಬತ್ತು ಹೆಜ್ಜೆ. ಒಂದು ಬಸ್ಸಿನ ಹಿಂಭಾಗಕ್ಕೂ ನಮ್ಮ ಮೋರೆಗೂ ನಡುವೆ ಒಂಬತ್ತು ಹೆಜ್ಜೆ ಎಂದರೆ ಎಷ್ಟು ದೊಡ್ಡದು ಎಂದು ನಾನು ಅವರಿಗೆ ಬೇರೆ ಹೇಳಬೇಕಾಗಲಿಲ್ಲ. ಬೊಬ್ಬೆ ಹಾಕಿ ಕುಣಿಯಬೇಕೆನಿಸಿದರೂ, ಟೀಚರಮ್ಮನ ಹಾಗೆ ಗಂಭೀರವಾಗಿ ಶಾಲೆಯ ಕಾರಿನ ಬಾಗಿಲು ತೆರೆದು, “ಮುಂದಿನವರು ಬನ್ನಿ,” ಎಂದೆ. ಆದರೆ ಇಡೀ ದಿನ ನನ್ನ ಧ್ವನಿ ಮಾಮೂಲಿಗಿಂತ ದೊಡ್ಡದಾಗಿತ್ತೆಂದು ಅವರೆಲ್ಲ ಆಮೇಲೆ ಹೇಳಿ ನಕ್ಕರು.

ಆಗಸ್ಟಿನಲ್ಲಿ ತಮ್ಮ ಬಂದ. ಹೊರಗೆ ಸುರಿಯುತ್ತಿತ್ತು. ಎರಡೇ ಸೀಟು, ಅಬ್ಬೆ ಆ ದಿನ ಮಗನಿಗೆ ಜಾಗ ಬಿಟ್ಟುಕೊಟ್ಟಳು. ಅವನೇ ಓಡಿಸಿದ. ಕುಂದಾಪುರ ದಾಟುವವರೆಗೂ ಟೈರಿನ ಮಾತೇ ತೆಗೆಯಲಿಲ್ಲ. ರೇಸಿನ ಟೈರಾಗಿದ್ದರೆ ತಿರುವಿನಲ್ಲಿ ಇನ್ನೂ ಚೆನ್ನಾಗಿರುತ್ತಿತ್ತೆಂದು ಅವನ ಮನಸ್ಸಿನಲ್ಲಿದೆಯೆಂದು ನನಗೆ ಗೊತ್ತಿತ್ತು. ಬೈಂದೂರಿಗೆ ಇನ್ನೂ ಐದಾರು ಕಿಲೋಮೀಟರು ಇರುವಾಗ ಎಡಗಡೆಯ ಮಣ್ಣಿನ ದಾರಿಯಿಂದ ಒಂದು ರಿಕ್ಷಾ ಹಿಂದೆಮುಂದೆ ನೋಡದೆ ಹೆದ್ದಾರಿಗೆ ಬಂತು. ತಮ್ಮ ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು ಬ್ರೇಕು ತುಳಿದ. ರಸ್ತೆಯ ತುಂಬ ನೀರು ಹರಿಯುತ್ತಿತ್ತು. ಕಾರು ಒಂದಿಷ್ಟೂ ಆಚೀಚೆ ಹೋಗದೆ ಗೆರೆ ಎಳೆದ ಹಾಗೆ ನೇರ ಹೋಗಿ ನಿಂತಿತು. ರಿಕ್ಷಾದ ಹಿಂದಿನ ಸೀಟಿನಲ್ಲಿದ್ದ ಹೆಂಗಸು ನಮ್ಮನ್ನು ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಕಾರಿಗೂ ರಿಕ್ಷಾಕ್ಕೂ ನಡುವೆ ಇನ್ನೊಂದು ರಿಕ್ಷಾ ಹಿಡಿಸುವಷ್ಟು ಜಾಗ ಉಳಿದಿತ್ತು.

ವೈಪರು ಎರಡು ಮೂರು ಸಲ ಆಡಿತು. ತಮ್ಮ ಕಾರನ್ನು ಬದಿಗೆ ತಂದು ನಿಲ್ಲಿಸಿ, ಬಾಗಿಲು ತೆಗೆದು ಮಳೆಯಲ್ಲೇ ಇಳಿದ. ಸುತ್ತು ಹಾಕಿ ನನ್ನ ಬದಿಗೆ ಬಂದ.

“ನೀ ಓಡ್ಸ್ ಅಕ್ಕ.”

“ಯಾಕೆ, ಹೆದ್ರಿಕೆ ಆಯ್ತಾ?”

“ಹೆದ್ರಿಕೆ ಅಲ್ಲ. ನೀ ಓಡ್ಸುದ್ ಕಾಣ್ಕ್ ನಂಗೆ.”

ನಾನು ಓಡಿಸುವುದನ್ನು ನೋಡಬೇಕು ಎಂದು ಅವನು ಹಿಂದೆ ಯಾವತ್ತೂ ಹೇಳಿದವನಲ್ಲ. ನಾನು ಸೀಟು ಮುಂದಕ್ಕೆ ಎಳೆದು ಕೂತೆ. ಮಳೆಯಲ್ಲಿ ಆ ಕಾರು ನನ್ನ ಕೈಗೆ ಏನು ಹೇಳುತ್ತದೆಂದು ನನಗೆ ಆಗಲೇ ಗೊತ್ತಾಗಿತ್ತು. ಎಲ್ಲಿ ನೀರು ನಿಂತಿದೆ, ಎಲ್ಲಿ ಟಾರು ಒರಟಾಗಿದೆ, ಎಲ್ಲ ಸ್ಟೇರಿಂಗಿನಲ್ಲೇ ತಿಳಿಯುತ್ತಿತ್ತು. ಅವಸರವಿಲ್ಲದೆ, ಹೆದರಿಕೆಯಿಲ್ಲದೆ ಬೈಂದೂರು ಮುಟ್ಟಿದೆ. ತಮ್ಮ ದಾರಿಯುದ್ದಕ್ಕೂ ನನ್ನ ಕೈ ನೋಡುತ್ತಿದ್ದ.

ಪೆಟ್ರೋಲ್ ಬಂಕಿನಲ್ಲಿ ನಾಲ್ಕು ಜನ ಕಾರಿನ ಸುತ್ತ ಸೇರಿದರು. ಪೆಟ್ರೋಲು ಹಾಕುವವರು ತಮ್ಮನ ಕಡೆ ತಿರುಗಿ, “ಹ್ವಾಯ್, ಒಳ್ಳೆ ಕಾರ್ ಮಾರ್ರೆ! ಈ ಮಳೆಯಗೆ ಜಾರುದಿಲ್ಯಾ? ಯಾವ್ ಟೈರ್ ಹಾಕಿದ್ರಿ?” ಎಂದು ಕೇಳಿದರು.

“ನಂಗೆ ಗೊತ್ತಿಲ್ಲ. ಅಕ್ಕನ್ ಹತ್ರ ಕೇಣಿ,” ಎಂದ ತಮ್ಮ. “ಟೈರ್ ಆರ್ಸಿದ್ ಅವ್ರೇ.”

ನಾಲ್ಕೂ ಜನ ನನ್ನ ಕಡೆ ತಿರುಗಿದರು. ನಾನು ಕಾರಿನಿಂದ ಇಳಿದು, ಮಳೆಯಲ್ಲೇ ಟೈರಿನ ಪಕ್ಕ ಬಗ್ಗಿ, ಮೊದಲಿನಿಂದ ಹೇಳಲು ಶುರು ಮಾಡಿದೆ.