ಮಣ್ಣು ವಾಪಸ್ ಕೇಳಿದ ಗೌಂಡಿ

ಇಂದು ಬೆಳಿಗ್ಗೆ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಹಾಲು ಕಾಯಲು ಇಟ್ಟಿದ್ದೆ. ಯಜಮಾನರ ಡಬ್ಬಿಗೆ ರೊಟ್ಟಿ ಮಡಚುತ್ತಿದ್ದಾಗ ಓಣಿಯಲ್ಲಿ ‘ಎತ್ತು ಬೇಕೇನ್ರೀ, ಮಣ್ಣೆತ್ತು’ ಎಂಬ ಕೂಗು ಕೇಳಿಸಿತು. ನಾಳೆ ಮಣ್ಣೆತ್ತಿನ ಅಮಾವಾಸ್ಯೆ, ಮಣ್ಣಿನ ಎತ್ತು ಮಾಡಿ ಪೂಜಿಸುವ ದಿನ. ಮಾರುವವಳು ಬುಟ್ಟಿಯ ಮೇಲಿನ ಹಸಿ ಬಟ್ಟೆ ಸರಿಸಿದಳು. ಒದ್ದೆ ಕಪ್ಪು ಎರಿ ಮಣ್ಣಿನ ವಾಸನೆ... ಒಳಗೆ ಹಾಲು ಉಕ್ಕಿದ್ದು ನನಗೆ ತಿಳಿಯಲೇ ಇಲ್ಲ.

ಈ ಮನೆ ಕಟ್ಟಿದ ಗೌಂಡಿ ಕಾಕಾ ನೆನಪಾಗಿದ್ದರು.

ಮಸ್ಕಿಯಿಂದ ಮೊದಲ ಬಸ್ಸಿಗೆ ಸಿಂಧನೂರಿಗೆ ಬರುತ್ತಿದ್ದರು. ಬಿಳಿ ಧೋತರ, ಹೆಗಲ ಮೇಲೊಂದು ಟವೆಲ್ಲು, ಕಿವಿಯ ಹಿಂದೆ ತುಂಡು ಪೆನ್ಸಿಲ್ಲು. ಓದು ಬರುತ್ತಿರಲಿಲ್ಲ; ಪೆನ್ಸಿಲ್ಲು ಗೋಡೆಗೆ ಗುರುತು ಹಾಕಲು ಮಾತ್ರ. ಕಟ್ಟಿದ ಗೋಡೆಗೆ ಮಧ್ಯಾಹ್ನದ ಹೊತ್ತಿನಲ್ಲಿ ಕೆನ್ನೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಬಿಸಿ ಒಳಗೆ ಬಂದಿದೆಯೋ ಇಲ್ಲವೋ ಎಂದು ಅವರು ನೋಡುತ್ತಿದ್ದುದು ಹಾಗೆ.

ನಮ್ಮ ಮನೆಗೆ ಹಸಿರು ಕಟ್ಟಡದ ಪ್ರಮಾಣಪತ್ರ ಪಡೆಯಬೇಕೆಂಬುದು ಯಜಮಾನರ ಆಸೆಯಾಗಿತ್ತು. ಅದಕ್ಕೊಂದು ದಪ್ಪ ಇಂಗ್ಲಿಷ್ ಪುಸ್ತಕವಿತ್ತು. ಬೆಳಕು, ಗಾಳಿ, ನೀರು, ಹತ್ತಿರದ ಊರಿನ ಕಲ್ಲು, ಪ್ರತಿಯೊಂದಕ್ಕೂ ಅಂಕ. ಸೈಟಿನ ಎದುರಿನ ಮನೆಯಲ್ಲೇ ನಾವು ಬಾಡಿಗೆಗಿದ್ದುದರಿಂದ ದಿನವೂ ಅದನ್ನು ಓದಿ ಕಾಕಾಗೆ ಹೇಳುವುದು, ಫೋಟೊ ತೆಗೆದಿಡುವುದು ನನ್ನ ಪಾಲಿಗೆ ಬಂತು. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷು ಅಷ್ಟು ವರ್ಷಗಳ ಮೇಲೆ ಇಟ್ಟಿಗೆ, ಸುಣ್ಣದ ನಡುವೆ ಕೆಲಸಕ್ಕೆ ಬಂದಿತ್ತು.

‘ಗೋಡೆ ನಡುವೆ ಟೊಳ್ಳು ಬಿಟ್ರ ಸೆಕೆ ಕಡಿಮೆ ಅಂತ ಬರದಾರ, ಕಾಕಾ’ ಎಂದು ನಾನೊಮ್ಮೆ ಓದಿ ಹೇಳಿದೆ.

‘ಇಷ್ಟು ಹೇಳಾಕ ಅಷ್ಟು ದಪ್ಪ ಬುಕ್ ಬೇಕಾತೇನ ತಂಗೆವ್ವಾ? ನಮ್ಮಪ್ಪ ಎರಡು ಬೈಗುಳದಾಗ ಕಲಿಸಿದ್ದ.’

ಲಿಂಗಸುಗೂರಿನಿಂದ ಬರುತ್ತಿದ್ದ ಇಂಜಿನಿಯರಿಗೆ ಮಾತ್ರ ಕಾಕಾ ಮೇಲೆ ನಂಬಿಕೆಯಿರಲಿಲ್ಲ. ‘ಓದಾಕ ಬರದವ್ರು ಪ್ರಮಾಣಪತ್ರದ ಮನೆ ಕಟ್ಟಾಕ ಆಗಂಗಿಲ್ರೀ. ಒಂದು ತಪ್ಪು ಆದ್ರೂ ನಾ ನಮ್ಮ ಮಂದೀನ ಕರಸ್ತೀನಿ’ ಎಂದು ಅವರೆದುರೇ ಅಂದಿದ್ದರು. ಕಾಕಾ ಕರಣೆ ತೊಳೆಯುತ್ತಲೇ ಇದ್ದರು. ಆ ದಿನ ಊಟಕ್ಕೆ ಕೂರಲಿಲ್ಲ.

ಆ ಒಂದು ತಪ್ಪು ಆಯಿತು. ಮಾಡಿದವಳು ನಾನು.

ಪುಸ್ತಕದಲ್ಲಿ ಬಿಡಲಾಗದ ನಿಯಮವೊಂದಿತ್ತು. ಪಾಯ ತೆಗೆಯುವ ಮೊದಲು ಮೇಲಿನ ಫಲವತ್ತಾದ ಮಣ್ಣನ್ನು ಬೇರೆ ಗುಡ್ಡೆ ಹಾಕಿ, ಮುಚ್ಚಿಟ್ಟು, ಮನೆ ಮುಗಿದ ಮೇಲೆ ಅದೇ ಅಂಗಳದ ಗಿಡಗಳಿಗೆ ಹಾಕಬೇಕು. ಎಲ್ಲರೂ ಹಾಳೆಂದು ಎಲ್ಲೋ ಸುರಿಯುವ ಎರಿ ಮಣ್ಣನ್ನು ಕಾಕಾ ಸೈಟಿನ ಮೂಲೆಯಲ್ಲಿ ಎದೆಮಟ್ಟ ಗುಡ್ಡೆ ಮಾಡಿ, ತಾಡಪತ್ರಿ ಹೊದಿಸಿದ್ದರು. ಮಣ್ಣೆತ್ತಿನ ಅಮಾವಾಸ್ಯೆಗೆಂದು ಊರಿಗೆ ಹೋಗುವಾಗ ‘ಇದನ್ನ ನೋಡ್ಕೋ ಯವ್ವಾ’ ಎಂದಷ್ಟೇ ಹೇಳಿದ್ದರು.

ಅಮಾವಾಸ್ಯೆಯ ಹಿಂದಿನ ದಿನ ಪಕ್ಕದ ಮನೆಯಾಕೆ ಬೋಗುಣಿ ಹಿಡಿದು ಬಂದಳು. ಎತ್ತು ಮಾಡಲು ಒಂದಿಷ್ಟು ಮಣ್ಣು. ಆ ದಿನ ಎತ್ತಿನ ಮಣ್ಣು ಕೇಳಿದರೆ ನಮ್ಮ ಕಡೆ ಯಾರೂ ಇಲ್ಲ ಅನ್ನುವುದಿಲ್ಲ. ನನಗೂ ಬಾಯಿ ಬರಲಿಲ್ಲ. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಕಲ್ಲಿಲ್ಲದ ಒಳ್ಳೆ ಮಣ್ಣೆಂಬ ಸುದ್ದಿ ಹಿಂದಿನ ಓಣಿಗೂ ಹಬ್ಬಿ ಬಕೀಟು, ಪುಟ್ಟಿಗಳು ಬಂದವು. ಕೆಲವರು ತುಳಸಿ ಕಟ್ಟೆಗೂ ಒಯ್ದರು. ನಾನೇ ತಾಡಪತ್ರಿ ಎತ್ತಿ ಹಿಡಿದಿದ್ದೆ. ಸಂಜೆ ನೋಡಿದರೆ ಗುಡ್ಡೆ ಮೊಣಕಾಲಿಗೂ ಬರುತ್ತಿರಲಿಲ್ಲ. ಪ್ರಮಾಣಪತ್ರಕ್ಕೆ ಪರೀಕ್ಷೆ ಮಾಡುವವರು ಬರಲು ಇನ್ನು ಮೂರೇ ದಿನವಿತ್ತು.

ಅಮಾವಾಸ್ಯೆಯ ಮರುದಿನ ಕಾಕಾ ಬಂದಾಗ ಇಂಜಿನಿಯರೂ ಅಲ್ಲಿದ್ದರು. ತಪ್ಪು ನನ್ನದೆಂದು ಎಷ್ಟು ಹೇಳಿದರೂ ಅವರು ಬೈದದ್ದು ಕಾಕಾರನ್ನೇ. ಕೊನೆಗೆ, ‘ಯಾವ್ದಾರ ಹೊಲದ್ದು ಒಂದು ಟ್ರ್ಯಾಕ್ಟರ್ ಮಣ್ಣು ತಂದು ಸುರೀರಿ. ಯಾರಿಗೆ ಗೊತ್ತಾಗ್ತೈತಿ?’ ಎಂದರು.

‘ನನಗ ಗೊತ್ತಾಗ್ತೈತಲ್ರೀ ಸಾಹೇಬ್ರ’ ಎಂದರು ಕಾಕಾ. ಟವೆಲ್ಲು ಕೊಡವಿ ಓಣಿಗೆ ಇಳಿದರು. ನಾನೂ ಹಿಂದೆ ಹೋದೆ.

ಪೂಜೆಯಾದ ಎತ್ತುಗಳನ್ನು ಆ ಸಂಜೆ ಕಾಲುವೆಗೆ ಬಿಡುವವರಿದ್ದರು. ಕಾಕಾ ಮನೆಮನೆಯ ಮುಂದೆ ನಿಂತು ಕೈಮುಗಿದರು. ‘ಬಸವಣ್ಣನ್ನ ಕಾಲುವಿಗೆ ಬಿಡಬ್ಯಾಡ್ರಿ. ಅವನ ಮಣ್ಣಿಗೇ ತಂದು ಬಿಡ್ರಿ.’

ಮೂಲೆ ಮನೆಯ ಮುದುಕಿ ಕಟ್ಟೆಯ ಮೇಲಿಂದಲೇ ಗದರಿದಳು. ‘ಏನೋ ಗೌಂಡಿ, ಕೊಟ್ಟ ದೇವರನ್ನ ವಾಪಸ್ ಕೇಳಾಕ ಬಂದೀಯಲ್ಲೋ, ನಾಚಿಕಿ ಬರಂಗಿಲ್ಲೇನ?’

‘ದೇವರನ್ನ ನೀನೇ ಇಟ್ಕೋ ಯಕ್ಕಾ, ನನಗ ಮಣ್ಣಷ್ಟ ಸಾಕು.’

ಮುದುಕಿ ನಕ್ಕುಬಿಟ್ಟಳು. ಮೊದಲು ಬಂದವಳೂ ಅವಳೇ, ತಟ್ಟೆಯಲ್ಲಿ ಜೋಡಿ ಎತ್ತುಗಳನ್ನಿಟ್ಟುಕೊಂಡು. ಆಮೇಲೆ ಓಣಿಗೆ ಓಣಿಯೇ ಬಂತು. ಆರತಿ ಹಿಡಿದವರು, ಹಾಡು ಹೇಳುವವರು, ಮಿಕ್ಕ ಮಣ್ಣನ್ನು ಪುಟ್ಟಿಯಲ್ಲಿ ಹೊತ್ತವರು. ತುಳಸಿ ಕಟ್ಟೆಗೆ ಹಾಕಿದ್ದನ್ನೂ ಇಬ್ಬರು ಬಗೆದು ತಂದಿದ್ದರು. ಕತ್ತಲಾಗುವ ಮೊದಲು ಗುಡ್ಡೆ ಮತ್ತೆ ಎದ್ದಿತ್ತು. ತುಂಬ ಎತ್ತುಗಳು, ಕುಸುಬಿ ಕಾಳಿನ ಬಿಳಿ ಕಣ್ಣು ಬಿಟ್ಟುಕೊಂಡು... ಕಾಕಾ ಒಂದನ್ನೂ ಒಡೆಯಲು ಬಿಡಲಿಲ್ಲ.

ಮಾರನೆಯ ದಿನ ಬಂದ ಪರೀಕ್ಷಕಿ ಸಣ್ಣ ವಯಸ್ಸಿನವಳು. ತಾಡಪತ್ರಿ ಸರಿಸಿದವಳು ಹಾಗೇ ನಿಂತಳು. ‘ಇದೇನ್ರೀ?’

ಇಂಜಿನಿಯರು ಬಾಯಿ ತೆರೆಯುವ ಮೊದಲೇ ಕಾಕಾ ನಡೆದದ್ದನ್ನೆಲ್ಲ ಹೇಳಿದರು. ‘ಎರಡು ಜೋಡಿ ಮಾತ್ರ ಕಾಲುವಿ ಪಾಲಾಗ್ಯಾವ್ರೀ. ಅದನ್ನೂ ಬರ್ಕೋರಿ.’

ಅವಳು ನನ್ನ ಹಳೆಯ ಫೋಟೊ ತರಿಸಿ ಗುಡ್ಡೆಯ ಪಕ್ಕ ಹಿಡಿದು ನೋಡಿದಳು. ಅಳತೆ ಪಟ್ಟಿ ಹಿಡಿದಳು. ಆಮೇಲೆ ಒಂದು ಎತ್ತನ್ನು ಮೆಲ್ಲಗೆ ಎತ್ತಿ, ನೋಡಿ, ಎಲ್ಲಿತ್ತೋ ಅಲ್ಲೇ ಇಟ್ಟಳು. ‘ಮಣ್ಣು ಉಳಿಸ್ರಿ ಅಂತ ಎಲ್ಲಾ ಕಡೆ ಹೇಳ್ತೀನಿ. ಓಣಿ ಮಂದಿ ಹೊತ್ತು ತಂದು ಕೊಟ್ಟಿದ್ದು ಇಲ್ಲೇ ನೋಡಿದ್ದು’ ಎಂದು ಪೂರ್ತಿ ಅಂಕ ಬರೆದುಕೊಂಡಳು.

ಮನೆ ಮುಗಿದು ಪ್ರಮಾಣಪತ್ರ ಬಂದ ದಿನ ಇಂಜಿನಿಯರೇ ಅದನ್ನು ಕಾಕಾ ಕೈಗೆ ಕೊಟ್ಟು ಫೋಟೊ ತೆಗೆಸಿದರು. ಕಾಕಾ ಅದನ್ನು ತಲೆಕೆಳಗಾಗಿ ಹಿಡಿದಿದ್ದರು; ಇಂಜಿನಿಯರು ಸದ್ದಿಲ್ಲದೆ ತಿರುಗಿಸಿ ಕೊಟ್ಟರು. ‘ಲಿಂಗಸುಗೂರಾಗ ಹಾಸ್ಟೆಲ್ ಕಟ್ಟಾಕತ್ತೀವಿ. ನೀವು ಬಂದ್ರ ಪಾಯ ಹಾಕ್ತೀವಿ, ಇಲ್ಲಾಂದ್ರ ಇಲ್ಲ’ ಎಂದರು. ಕಾಕಾ ಓಣಿಯ ಎಲ್ಲ ಮನೆಗೂ ತಾವೇ ಪೇಢೆ ಹಂಚಿದರು. ಹೆಂಗಸರು ಅವರ ಹಣೆಗೆ ಅರಿಶಿನದ ಭಂಡಾರ ಹಚ್ಚಿದರು. ಆಗ ಅವರು ನಕ್ಕ ಅಂಥ ನಗುವನ್ನು ನಾನು ಮತ್ತೆ ನೋಡಲಿಲ್ಲ.

ಹಾಸ್ಟೆಲ್ಲನ್ನೂ ಅವರೇ ಕಟ್ಟಿದರು. ಅದಕ್ಕೂ ಪ್ರಮಾಣಪತ್ರ ಬಂತು. ಆಮೇಲೆ ಆರಾಮಿಲ್ಲವೆಂದು ಕೇಳಿದೆ. ಹೋಗಿ ಬರಬೇಕು, ಹೋಗಿ ಬರಬೇಕು ಎನ್ನುತ್ತಲೇ... ಮಸ್ಕಿ ಏನು ದೂರವೇ? ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಹದಿನೈದು ದಿನದ ಮೇಲೆ. ತಪ್ಪು ನನ್ನದಾಗಿತ್ತು, ಬೈಸಿಕೊಂಡದ್ದು ಅವರು. ಅದೊಂದು ಮಾತನ್ನು ಅವರೆದುರು ಕೂತು ಹೇಳುವುದು ಹಾಗೇ ಉಳಿಯಿತು.

ಇಂದು ಸಂಜೆ ತಣ್ಣಗಿದ್ದ ಪಡಸಾಲೆಯಲ್ಲಿ ಬಾಗಿಲು ಮುಂದಕ್ಕೆಳೆದುಕೊಂಡು ಇದನ್ನೆಲ್ಲ ಬರೆಯುತ್ತ ಕೂತಿದ್ದೆ. ಪಕ್ಕದ ಮನೆಯಾಕೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಬಾಗಿಲು ತಳ್ಳಿ ಇಣುಕಿದಳು.

‘ಮನ್ಯಾಗ ಅದೀರೇನ್ರೀ ಅಕ್ಕಾರ? ಕರೆಂಟ್ ಹೋಗಿ ಎರಡು ತಾಸಾತು, ಓಣಿ ಮಂದೆಲ್ಲಾ ಹೊರಗ ಕುಂತೈತಿ. ನೀವು ಕಾಣಲಿಲ್ಲ, ಊರಿಗೆ ಹೋಗ್ಯಾರೇನೋ ಅನ್ಕೊಂಡೆ.’