ನೆಂಟಸ್ತಿಕೆ ಕೇಳದ ಅಂಗಡಿ

ರಿಪ್ಪನ್‌ಪೇಟೆಯ ಶಾರದಮ್ಮನವರ ಮಿಡಿ ಉಪ್ಪಿನಕಾಯಿಗೆ ಆನ್‌ಲೈನ್ ಅಂಗಡಿ ಮಾಡಿಕೊಡಲು ಹೋಗಿದ್ದೆ. ನಿವೃತ್ತನಿಗೆ ಇನ್ನೇನು ಕೆಲಸ ಹೇಳಿ! ಹೊಸ ಮಿಡಿ ಬರುವುದರೊಳಗೆ ಅವರ ಹಳೆಯ ಜಾಡಿಗಳೆಲ್ಲ ಮಾರಾಟವಾಗಬೇಕಿತ್ತು.

“ರೆಡಿಮೇಡ್ ಪ್ಲಾಟ್‌ಫಾರ್ಮ್ ತಗೊಂಡ್ರೆ ಇವತ್ತೇ ಅಂಗಡಿ ತೆರೀಬಹುದು,” ಎಂದೆ.

“ಅದು ಗಿರಾಕಿನ ‘ಯಾರ ಮನೆಯೋರು’ ಅಂತ ಕೇಳ್ತದಾ?”

“ಇಲ್ಲ. ಅದು ಬೇಕಂದ್ರೆ ಸೈಟನ್ನ ನಾವೇ ಬುಡದಿಂದ ಬರೆಸಬೇಕು. ಮೂರು ತಿಂಗಳು ಹಿಡೀತದೆ.”

“ಬರೆಸಿ ಮಾರಾಯ್ರೇ! ಕೇಳದೆ ಹೆಂಗೆ ಕೊಡೋದು?”

ಅಷ್ಟರಲ್ಲಿ ಜೋಗದಿಂದ ಗಿರಾಕಿಯೊಬ್ಬರ ಫೋನ್ ಬಂತು; ಆರು ಜಾಡಿ ಬೇಕಂತೆ. ಶಾರದಮ್ಮ ಕೇಳುತ್ತಾ ಕೇಳುತ್ತಾ, ಅವರು ತಮ್ಮ ಅತ್ತಿಗೆಯ ತವರಿನ ಕಡೆಯವರೆಂದು ಪತ್ತೆ ಹಚ್ಚಿದರು.

“ಅಯ್ಯೋ, ನೆಂಟ್ರ ಹತ್ರ ದುಡ್ಡು ತಗೊಳ್ಳೋದಾ? ಸುಮ್ನೆ ಕಳಿಸ್ತೀನಿ!”

ಫೋನಿಟ್ಟು, ಜಾಡಿಗಳತ್ತ ಒಮ್ಮೆ ನೋಡಿ, “ಆ ಏನೂ ಕೇಳದೇ ಇರೋದನ್ನೇ ಮಾಡ್ಬಿಡಿ,” ಎಂದರು.

ಮಾಡಿಕೊಟ್ಟೆ. ಸಾಗರದಿಂದ ತೀರ್ಥಹಳ್ಳಿವರೆಗೆ ಶಾರದಮ್ಮನಿಗೆ ನೆಂಟರಲ್ಲದವರು ಒಬ್ಬರೂ ಇಲ್ಲವೆಂಬುದು, ಪುಣ್ಯಕ್ಕೆ, ಆ ಪ್ಲಾಟ್‌ಫಾರ್ಮಿಗೆ ಗೊತ್ತಿಲ್ಲ.