ಮಾದೇವಿಯ ಹುಣಸೆ ಗಿಡ

ಮಾದೇವಿಯ ಹೊಲದ ಬದುವಿನಲ್ಲಿದ್ದ ಹುಣಸೆ ಗಿಡವನ್ನು ಕಿತ್ತವಳು ನಾನು. ಕಾಡುಹಂದಿ ಬಗೆದಿರಬೇಕು ಎಂದು ಅವಳಿಗೆ ಹೇಳಿದವಳೂ ನಾನೇ. ಏಳು ವರ್ಷ ಇದನ್ನು ನುಂಗಿಕೊಂಡು ಅವಳ ಪಕ್ಕದಲ್ಲೇ ಬದುಕಿದೆ.

ಮಾದೇವಿ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಜೀರಹಳ್ಳಿಯಲ್ಲಿ ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಆ ವರ್ಷ ನನಗೆ ಬೋನ್ಸಾಯ್ ಹುಚ್ಚು, ಕುಂಡದಲ್ಲಿ ಕುಳ್ಳ ಮರ ಬೆಳೆಸುವ ಹುಚ್ಚು, ಹಿಡಿದಿತ್ತು. ಶಾಲೆಯಲ್ಲಿ ಪಾಠ ಮುಗಿಸಿ ಬಂದವಳೇ ಮೊಬೈಲಿನಲ್ಲಿ ಅದನ್ನೇ ನೋಡುತ್ತಿದ್ದೆ. ಮೊದಲು ತಂದ ಅತ್ತಿ ಗಿಡ ನೀರು ಹೆಚ್ಚಾಗಿ ಕೊಳೆಯಿತು. ಕಾಗದದ ಹೂವಿನ ಗಿಡ ನಾನು ಬಗ್ಗಿಸಲೆಂದು ತಂತಿ ಬಿಗಿದ ರಭಸಕ್ಕೆ ಮುರಿಯಿತು. ಆಮೇಲೊಂದು ವಿಡಿಯೊದಲ್ಲಿ ಯಾರೋ ಹೇಳಿದರು — ಆಡು ಕಚ್ಚಿ ಕಚ್ಚಿ ಕುಳ್ಳಾದ ಗಿಡ ಸಿಕ್ಕರೆ ಬಿಡಬೇಡಿ, ಅರ್ಧ ಕೆಲಸ ಆದಂತೆಯೇ.

ಅಂಥದ್ದು ಮೈದುನನ ಹೊಲದಲ್ಲಿತ್ತು. ಮೊಣಕಾಲೆತ್ತರ, ಬುಡ ಮಾತ್ರ ಮಣಿಕಟ್ಟಿನಷ್ಟು ದಪ್ಪ. ಆಡು ಮೇಯುವ ಗಿಡಕ್ಕೆ ಯಾರನ್ನು ಕೇಳುವುದು ಎಂದುಕೊಂಡು ಒಂದು ಭಾನುವಾರ ಬೆಳಿಗ್ಗೆ ಗುದ್ದಲಿ ಹಿಡಿದು ಹೋದೆ. ತಾಯಿಬೇರನ್ನು ಗರಗಸದಿಂದ ಕೊಯ್ದೆ. ಗೋಣಿಚೀಲದಲ್ಲಿ ಸುತ್ತಿ ತಂದು, ಕೊಂಬೆ ಸವರಿ, ಹಿತ್ತಲಲ್ಲಿ ಕುಂಡಕ್ಕೆ ಹಾಕಿದೆ. ಎಷ್ಟು ಖುಷಿಯಾಗಿತ್ತು ಅಂದು —

ಮೂರನೆಯ ದಿನ ಮಾದೇವಿ ಓಡಿ ಬಂದಳು.

"ಅಕ್ಕ, ಉಣಸೆ ಗಿಡವ ಯಾರೋ ಕಿತ್ತುಬುಟ್ಟವ್ರೆ. ಅದರ ಬುಡದಲ್ಲಿ ನನ್ನ ಮಗ ಅವನೆ ಕಣಕ್ಕ! ಉಟ್ಟುತ್ಲೇ ಓದ್ನಲ್ಲ, ಅವನ್ನ ಅಲ್ಲೇ ಮಣ್ಣು ಮಾಡಿದ್ದು. ಗುರುತಿಗೆ ಅಂತ ಬೀಜ ಆಕಿದ್ದೆ."

ಅವಳ ಮಗು ಹುಟ್ಟುತ್ತಲೇ ಹೋದದ್ದು ನನಗೆ ಗೊತ್ತಿತ್ತು. ಎಲ್ಲಿ ಮಣ್ಣು ಮಾಡಿದರು ಎಂದು ಒಂದು ದಿನವೂ ಕೇಳಿರಲಿಲ್ಲ. ನನ್ನ ಗುದ್ದಲಿ — ಅದು ಎಷ್ಟು ಆಳ ಹೋಗಿತ್ತು?

ಆಗಲೇ ಹೇಳಬಹುದಿತ್ತು. ಹಿತ್ತಲ ಬಾಗಿಲು ತೆರೆದು ತೋರಿಸಿದ್ದರೆ ಸಾಕಿತ್ತು. ಬಾಯಿಂದ ಬಂದದ್ದು ಬೇರೆ.

"ಅಂದಿ ಬಗ್ದಿರ್ಬೇಕು ಕಣಮ್ಮಿ."

"ಅಂದಿಯಾ?" ಎಂದವಳು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದಳು. ಹಂದಿ ಅಲ್ಲಿ ಏನನ್ನು ಬಗೆದಿರಬಹುದು ಎಂದು ಅವಳಿಗೆ ಹೊಳೆದದ್ದು, ಹೇಳಿದ ನನಗೆ ಆಮೇಲೆ ಹೊಳೆಯಿತು. ಆಗಲೂ ನಾನು ಬಾಯಿ ಬಿಡಲಿಲ್ಲ.

ಅವಳು ಆ ಹೊಲಕ್ಕೆ ಹೋಗುವುದನ್ನೇ ನಿಲ್ಲಿಸಿದಳು. ಮರುವರ್ಷ ಮೈದುನ ಬದು ಒಡೆಸಿ, ಜೆಸಿಬಿ ತರಿಸಿ ಹೊಲವನ್ನೆಲ್ಲ ಮಟ್ಟ ಮಾಡಿಸಿದ. ಗಿಡ ನನ್ನ ಕುಂಡದಲ್ಲಿ ಚಿಗುರಿತು. ಕಳೆದ ವರ್ಷ ನಾನು ಕಣ್ಣಿನ ಆಪರೇಷನ್ನಿಗೆ ಹೋದಾಗ ಹತ್ತು ದಿನ ಅದಕ್ಕೆ ನೀರು ಹಾಕಿದವಳು ಮಾದೇವಿ. ಗುರುತು ಸಿಗದ ಹಾಗೆ ನಾನು ಅದನ್ನು ಬಗ್ಗಿಸಿದ್ದೆ.

"ತಂತಿ ಯಾಕಕ್ಕ ಸುತ್ತಿದ್ದೀಯ, ನೋಯಾಕಿಲ್ವಾ ಅದ್ಕೆ?" ಎಂದು ಕೇಳಿದ್ದಳು.

ಹೋದ ಸೋಮವಾರ ಊರಂಚಿನ ತೋಟಕ್ಕೆ ಹಂದಿಗಳು ನುಗ್ಗಿದವು. ಸುದ್ದಿ ಕೇಳಿದ್ದೇ ತಡ, ಮಾದೇವಿ ಜಗಲಿಯ ಮೇಲೆ ಗಡಗಡ ನಡುಗತೊಡಗಿದಳು. ಏಳು ವರ್ಷದ ಮೇಲೂ! ಅವಳ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದೆ. ಗಿಡ ತೋರಿಸಿದೆ. ಎಲ್ಲವನ್ನೂ ಹೇಳಿದೆ.

ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ.

"ಅಂಗಾರೆ... ನನ್ನ ಮಗೀನ ಅಂದಿ ಬಗೀಲಿಲ್ವಾ?"

"ಇಲ್ಲ ಕಣಮ್ಮಿ."

"ನಡಿ. ಎಲ್ಲಿ ಅಗ್ದೆ, ತೋರ್ಸು."

ಹೋದೆವು. ಬದುವಿಲ್ಲ, ಮೂಲೆಯಿಲ್ಲ, ಕಣ್ಣು ಹಾಯುವವರೆಗೂ ಒಂದೇ ಸಮ ಕೋಸು. ಅವಳು ಹೆಜ್ಜೆ ಹೆಜ್ಜೆಗೂ ನಿಂತು, "ಇಲ್ಲಾ? ಇಲ್ಲೇನಕ್ಕ?" ಎಂದು ಕೇಳುತ್ತಿದ್ದಳು. ಯಾವುದೋ ಒಂದು ಜಾಗ ತೋರಿಸಿದ್ದರೆ ನಂಬುತ್ತಿದ್ದಳು. ಇನ್ನೊಂದು ಸುಳ್ಳು ನಾಲಗೆಯ ತುದಿಗೆ ಬಂದಿತ್ತು.

"ಗೊತ್ತಿಲ್ಲ ಮಾದೇವಿ," ಎಂದೆ.

ಅವಳು ಕೋಸಿನ ಸಾಲುಗಳ ನಡುವೆ ಕುಳಿತು, ಎರಡೂ ಅಂಗೈಗಳನ್ನು ಮಣ್ಣಿನ ಮೇಲೆ ಊರಿದಳು. ನಾನು ನಿಂತಲ್ಲೇ ನಿಂತಿದ್ದೆ — ಕಾಲು ಎಲ್ಲಿಡಬಹುದು, ಎಲ್ಲಿಡಬಾರದು ಎಂದು ತಿಳಿಯದೆ.